ಸೂಪರ್‌ಸೆಟ್: ಹೊತ್ತು ಸಾಲದವರಿಗೆ ಜೋಡಿ ಕಸರತ್ತು

ಒಂದು ಕಸರತ್ತಿನ ಸೆಟ್ (ಬಿಡುವಿಲ್ಲದೆ ಒಂದೇ ಸಲಕ್ಕೆ ಮಾಡುವ ಸರಣಿ) ಮುಗಿದ ಕೂಡಲೇ ಇನ್ನೊಂದರ ಸೆಟ್ ಮಾಡಿ, ಆಮೇಲಷ್ಟೇ ಸುಧಾರಿಸಿಕೊಳ್ಳುವ ಕ್ರಮಕ್ಕೆ ಜಿಮ್‌ನಲ್ಲಿ ಸೂಪರ್‌ಸೆಟ್ ಎನ್ನುತ್ತಾರೆ. ಎದೆಗೆಂದು ಮಲಗಿ ಭಾರ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್ 10 ರೆಪ್ (ಅಂದರೆ 10 ಸಲ), ಎದ್ದು ಬೆನ್ನಿಗೆಂದು ಬಾಗಿ ಭಾರ ಎಳೆಯುವ ಡಂಬೆಲ್ ರೋ 10 ರೆಪ್, ಬಳಿಕ ಎರಡು ನಿಮಿಷ ವಿಶ್ರಾಂತಿ: ಇದು ಒಂದು ಸುತ್ತು. ಮೂರು ಕಸರತ್ತು ಸೇರಿದರೆ ಟ್ರೈಸೆಟ್, ಇನ್ನೂ ಹೆಚ್ಚಾದರೆ ಸರ್ಕಿಟ್.

ಹೊತ್ತು ಉಳಿಯುವುದೆಲ್ಲಿ? ಒಂದು ಸೆಟ್‌ಗೆ 40 ಸೆಕೆಂಡು ಹಿಡಿಯಿರಿ. ಎರಡು ಕಸರತ್ತುಗಳ ತಲಾ ಮೂರು ಸೆಟ್‌ಗಳನ್ನು ಬೇರೆಬೇರೆಯಾಗಿ ಮಾಡಿದರೆ ಎತ್ತುವುದಕ್ಕೆ 4 ನಿಮಿಷ, ನಡುವಿನ ಐದು ವಿಶ್ರಾಂತಿಗೆ 10 ನಿಮಿಷ, ಒಟ್ಟು 14. ಅದೇ ಜೋಡಿಯಾಗಿ ಮಾಡಿದರೆ, ಜಾಗ ಬದಲಿಸುವ 20 ಸೆಕೆಂಡೂ ಸೇರಿ ಮೂರು ಸುತ್ತಿಗೆ 5 ನಿಮಿಷ, ಎರಡು ವಿಶ್ರಾಂತಿಗೆ 4, ಒಟ್ಟು 9. ಎತ್ತಿದ ಸೆಟ್ ಒಂದೂ ಕಡಿಮೆಯಾಗಲಿಲ್ಲ. ಎದೆಗೆ ಸಿಕ್ಕ ಬಿಡುವನ್ನೂ ಎಣಿಸಿ: ಜಾಗ ಬದಲಿಸಿದ 20, ಬೆನ್ನು ದುಡಿದ 40, ಕೂತ 120, ಒಟ್ಟು 180 ಸೆಕೆಂಡು. ಭಾರ ಎತ್ತುವಾಗ ಸ್ನಾಯು ಖರ್ಚು ಮಾಡುವ ಫಾಸ್ಫೋಕ್ರಿಯೇಟಿನ್ ಎಂಬ ತಕ್ಷಣದ ಶಕ್ತಿಯ ದಾಸ್ತಾನು ಬಹುಪಾಲು ಮತ್ತೆ ತುಂಬಿಕೊಳ್ಳಲು ಈ ಮೂರು ನಿಮಿಷ ಸಾಕು. ಹೊತ್ತಿಲ್ಲವೆಂದು ವಿಶ್ರಾಂತಿಯನ್ನೇ 30 ಸೆಕೆಂಡಿಗೆ ಇಳಿಸುವವರಿಗೆ ಈ ಲಾಭವಿಲ್ಲ. ಅವರ ಮೂರನೇ ಸೆಟ್ 10 ರೆಪ್‌ನಿಂದ ಐದಾರಕ್ಕೆ ಕುಸಿಯುತ್ತದೆ.

ಇದೆಲ್ಲ ನಿಂತಿರುವುದು ಜೋಡಿಯ ಆಯ್ಕೆಯ ಮೇಲೆ. ತಳ್ಳುವುದರ ಜೊತೆ ಎಳೆಯುವುದು ಸೇರಬೇಕು: ಭಾರವನ್ನು ತಲೆಯ ಮೇಲಕ್ಕೆ ತಳ್ಳುವ ಶೋಲ್ಡರ್ ಪ್ರೆಸ್‌ಗೆ ಮೇಲಿನ ಬಾರನ್ನು ಕೆಳಗೆಳೆಯುವ ಲ್ಯಾಟ್ ಪುಲ್‌ಡೌನ್, ಮಂಡಿ ಚಾಚುವ ಲೆಗ್ ಎಕ್ಸ್‌ಟೆನ್ಷನ್‌ಗೆ ಮಂಡಿ ಮಡಚುವ ಲೆಗ್ ಕರ್ಲ್, ತೋಳಿನ ಮುಂಭಾಗದ ಬೈಸೆಪ್ಸ್‌ಗೆ ಹಿಂಭಾಗದ ಟ್ರೈಸೆಪ್ಸ್. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಜೊತೆ ಸರಳಿಗೆ ಜೋತು ಮೈ ಎಳೆದುಕೊಳ್ಳುವ ಪುಲ್‌ಅಪ್ ಇಟ್ಟರೆ ಬೆನ್ನಿಗಿಂತ ಮೊದಲು ಕೈಹಿಡಿತ ಸೋಲುತ್ತದೆ. ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವ ಸ್ಕ್ವಾಟ್ ಜೊತೆ ಬಾಗಿ ಮಾಡುವ ಬಾರ್ಬೆಲ್ ರೋ ಇಟ್ಟರೆ ಎರಡರ ಹೊರೆಯೂ ಸೊಂಟದ ಮೇಲೆ ಬಿದ್ದು, ದಣಿದಂತೆ ಬೆನ್ನು ಗೂನಾಗುತ್ತದೆ. ಇದು ಅಪಾಯದ ಜೋಡಿ, ಬೇಡವೇ ಬೇಡ. ಒಂದೇ ಸ್ನಾಯುವಿಗೆ ಎರಡು ಕಸರತ್ತು, ಉದಾಹರಣೆಗೆ ಮಲಗಿ ತೋಳು ಅಗಲಿಸಿ ಕೂಡಿಸುವ ಡಂಬೆಲ್ ಫ್ಲೈ ಮುಗಿಸಿ ಬೆಂಚ್ ಪ್ರೆಸ್, ಇದನ್ನೂ ಸೂಪರ್‌ಸೆಟ್ ಎಂದೇ ಕರೆಯುವುದುಂಟು. ಅದರಲ್ಲಿ ಎದೆಗೆ ಬಿಡುವೇ ಸಿಗದ ಕಾರಣ ಬೆಂಚ್‌ನ ಭಾರ ತುಂಬಾ ಇಳಿಸಬೇಕಾಗುತ್ತದೆ. ಹೊತ್ತು ಉಳಿಸುವುದೇ ಗುರಿಯಾದರೆ ಅದು ನಿಮಗಲ್ಲ.

ವಾರಕ್ಕೆ ಎರಡೇ ದಿನ, 40 ನಿಮಿಷ ಸಿಗುವವರು ಹೀಗೆ ಹೊಂದಿಸಬಹುದು. ಮೊದಲ ದಿನ 5 ನಿಮಿಷ ವಾರ್ಮ್‌ಅಪ್, ಆಮೇಲೆ ಸ್ಕ್ವಾಟ್ ಒಂದನ್ನೇ: ಹಗುರದ ಎರಡು ಸೆಟ್, ಪೂರ್ಣ ಭಾರದಲ್ಲಿ 6ರಿಂದ 8 ರೆಪ್‌ನ ಮೂರು ಸೆಟ್. ದಿನದ ಅತಿ ಭಾರದ ಕಸರತ್ತಿಗೆ ಜೋಡಿ ಹಚ್ಚಬೇಡಿ, ಅದಕ್ಕೆ ಪೂರ್ತಿ ವಿಶ್ರಾಂತಿ ಬೇಕು. ನಂತರ ಬೆಂಚ್ ಪ್ರೆಸ್ ಮತ್ತು ಡಂಬೆಲ್ ರೋ ಮೂರು ಸುತ್ತು, ಕೊನೆಗೆ ಬೈಸೆಪ್ಸ್ ಮತ್ತು ಟ್ರೈಸೆಪ್ಸ್ ಎರಡು ಸುತ್ತು. ಎರಡನೇ ದಿನ ಸ್ಕ್ವಾಟ್ ಜಾಗಕ್ಕೆ ರೊಮೇನಿಯನ್ ಡೆಡ್‌ಲಿಫ್ಟ್ (ಮಂಡಿ ಹೆಚ್ಚು ಮಡಚದೆ ಸೊಂಟದಿಂದ ಬಾಗಿ ಎತ್ತುವುದು), ಜೋಡಿಗೆ ಕೂತು ಮಾಡುವ ಶೋಲ್ಡರ್ ಪ್ರೆಸ್ ಮತ್ತು ಲ್ಯಾಟ್ ಪುಲ್‌ಡೌನ್. ಎರಡು ದಿನಗಳ ನಡುವೆ ಕನಿಷ್ಠ ಎರಡು ದಿನ ಬಿಡುವಿರಲಿ.

ಮೊದಲ ಒಂದೆರಡು ವಾರ ಸ್ನಾಯುವಿಗಿಂತ ಮುಂಚೆ ಉಸಿರು ಕಟ್ಟುತ್ತದೆ. ಜೋಡಿಯಲ್ಲಿ ಎರಡನೆಯದಾಗಿ ಬರುವ ಕಸರತ್ತಿನ ಭಾರವನ್ನು ಆಗ ಶೇ. 10ರಷ್ಟು ಇಳಿಸಿ. ಮೂರೂ ಸುತ್ತಿನಲ್ಲಿ ಅಂದುಕೊಂಡಷ್ಟು ರೆಪ್ ಬಂದ ಮೇಲೆ 2.5 ಕೆ.ಜಿ. ಏರಿಸುತ್ತ ಹೋಗಿ. ಸಂಜೆಯ ನೂಕುನುಗ್ಗಲಲ್ಲಿ ಎರಡು ಮಷಿನ್ ಹಿಡಿದಿಟ್ಟುಕೊಳ್ಳುವುದು ಆಗದ ಮಾತು, ಬೇರೆಯವರಿಗೂ ತೊಂದರೆ. ಒಂದು ಬೆಂಚ್, ಒಂದು ಜೊತೆ ಡಂಬೆಲ್ ಸಿಕ್ಕರೆ ಪ್ರೆಸ್ ಮತ್ತು ರೋ ಎರಡೂ ಅಲ್ಲೇ ಮುಗಿಯುತ್ತವೆ. ಜಿಮ್‌ಗೆ ಹೋಗಲಾಗದ ದಿನ ಮನೆಯಲ್ಲೇ ದಂಡ ಮತ್ತು ಬಸ್ಕಿಗಳನ್ನು ಜೋಡಿ ಮಾಡಿ. ಎದೆ, ತೋಳು ದುಡಿಯುವಾಗ ತೊಡೆಗೆ ಬಿಡುವು, ತೊಡೆ ದುಡಿಯುವಾಗ ತೋಳಿಗೆ.