ಪದ ಪರಿಚಯ: ಐಸ್ ಪ್ಲಾಂಟ್

ನೆಲಕ್ಕೆ ಒತ್ತಿಕೊಂಡು ಹರಡುತ್ತ, ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವ, ಐಜೋಏಸೀ ಕುಟುಂಬದ ಹಲವು ಹೂಗಿಡಗಳಿಗೆ ಐಸ್ ಪ್ಲಾಂಟ್ ಎಂಬ ಹೆಸರು ಬಳಕೆಯಲ್ಲಿದೆ. ಹೂದೋಟದ ಮಟ್ಟಿಗೆ ಈ ಹೆಸರು ಹೆಚ್ಚಾಗಿ ಸೂಚಿಸುವುದು ದಕ್ಷಿಣ ಆಫ್ರಿಕಾ ಮೂಲದ ಡೆಲೊಸ್ಪರ್ಮಾ ಗಿಡಗಳನ್ನು; ಅವುಗಳಲ್ಲಿಯೂ ಕೆನ್ನೇರಳೆ ಹೂವಿನ ಡೆಲೊಸ್ಪರ್ಮಾ ಕೂಪರಿ ಎಲ್ಲಕ್ಕಿಂತ ಪರಿಚಿತ. ಎಲೆಯ ಮೇಲ್ಪದರದಲ್ಲಿರುವ ನೀರು ತುಂಬಿದ ಸೂಕ್ಷ್ಮ ಕೋಶಗಳು ಬಿಸಿಲಿನಲ್ಲಿ ಹಿಮದ ಹರಳುಗಳಂತೆ ಮಿನುಗುವುದರಿಂದ ಈ ಹೆಸರು ಬಂದಿದೆ. ಟೇಬಲ್ ರೋಸ್ ಎಂದು ಕರೆಯುವ ಪೋರ್ಟುಲಕಾ ನೋಡಲು ಇದನ್ನು ಹೋಲುತ್ತದೆಯಾದರೂ ಅದರ ಕುಟುಂಬವೇ ಬೇರೆ.

ಹೂವಿನ ರಚನೆಯನ್ನು ಹತ್ತಿರದಿಂದ ನೋಡಬೇಕು. ರೇಷ್ಮೆಯ ಹೊಳಪಿನ ಆ ತೆಳ್ಳನೆಯ ಎಸಳುಗಳು ನಿಜವಾದ ದಳಗಳಲ್ಲ, ಪರಾಗವನ್ನು ಉತ್ಪಾದಿಸದೆ ದಳದ ರೂಪ ತಾಳಿದ ಕೇಸರಗಳು. ಬಿಸಿಲೇರಿದಾಗ ಅರಳುವ ಹೂವು ಸಂಜೆಗೆ ಮುಚ್ಚಿಕೊಳ್ಳುತ್ತದೆ, ಮೋಡ ಕವಿದ ದಿನ ಪೂರ್ತಿ ತೆರೆಯುವುದೇ ಇಲ್ಲ. ಆದ್ದರಿಂದ ನೆರಳಿನಲ್ಲಿ ನೆಟ್ಟ ಗಿಡ ಬದುಕಿದರೂ ಹೂವಿನ ಹಾಸು ಸಿಗದು. ಬೀಜಕೋಶದ ನಡವಳಿಕೆಯೂ ಸೊಗಸಾದದ್ದು: ಒಣಗಿರುವಾಗ ಬಿಗಿಯಾಗಿ ಮುಚ್ಚಿದ್ದು, ನೀರು ತಾಗಿದಾಗ ತೆರೆದುಕೊಂಡು, ಮೊಳಕೆಯೊಡೆಯಲು ತೇವವಿರುವ ಹೊತ್ತಿನಲ್ಲೇ ಬೀಜಗಳನ್ನು ಮಳೆಹನಿಗಳ ಹೊಡೆತಕ್ಕೆ ಒಡ್ಡುತ್ತದೆ.

ಬರವನ್ನು ತಾಳುವ ಗುಣ ಕೇವಲ ಎಲೆಯ ದಪ್ಪದಿಂದ ಬಂದುದಲ್ಲ. ಈ ಕುಟುಂಬದ ಅನೇಕ ಗಿಡಗಳು ನೀರಿನ ಕೊರತೆಯಾದಾಗ ಪತ್ರರಂಧ್ರಗಳನ್ನು ಹಗಲಿನಲ್ಲಿ ಮುಚ್ಚಿಟ್ಟು ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ಆಗ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಇರಿಸಿಕೊಂಡು, ಮರುದಿನ ಬೆಳಕಿನಲ್ಲಿ ಅದರಿಂದ ಆಹಾರ ತಯಾರಿಸುತ್ತವೆ. ಹೀಗೆ ಸುಡುಬಿಸಿಲಿನಲ್ಲಿ ಆವಿಯಾಗಿ ಹೋಗಬಹುದಾಗಿದ್ದ ನೀರು ಉಳಿಯುತ್ತದೆ.

ಇಷ್ಟು ಗಟ್ಟಿ ಗಿಡ ಸಾಯುವುದು ಹೆಚ್ಚಾಗಿ ನಮ್ಮ ಅತಿಯಾದ ಆರೈಕೆಯಿಂದ ಎಂಬುದನ್ನು ಒತ್ತಿ ಹೇಳಲೇಬೇಕು. ಬೇರಿನ ಸುತ್ತ ತೇವ ನಿಂತರೆ ಕೊಳೆತ ಹತ್ತುತ್ತದೆ, ಅದರಲ್ಲೂ ಚಳಿಗಾಲದ ತೇವ ಅತ್ಯಂತ ಅಪಾಯಕಾರಿ. ಬುಡ ಒಣಗಿದ್ದರೆ ಸುಮಾರು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಚಳಿಯನ್ನೂ ಸಹಿಸಬಲ್ಲ ಕೂಪರಿ, ನೀರು ಬಸಿಯದ ಜೇಡಿಮಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಚಳಿಗೇ ಕೊಳೆತುಹೋಗುತ್ತದೆ. ಆದ್ದರಿಂದ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಬೆರೆಸಿದ ಸಡಿಲ ಮಣ್ಣು, ಇಳಿಜಾರು ಅಥವಾ ಎತ್ತರಿಸಿದ ಮಡಿ, ದಿನಕ್ಕೆ ಕನಿಷ್ಠ 6 ಗಂಟೆಯ ನೇರ ಬಿಸಿಲು, ಇವಿಷ್ಟನ್ನು ಮೊದಲೇ ಒದಗಿಸಬೇಕು. ಹೊಸದಾಗಿ ನೆಟ್ಟ ಗಿಡಕ್ಕೆ ಬೇರೂರುವವರೆಗೆ ಆಗಾಗ ನೀರು ಬೇಕು; ಆಮೇಲೆ ಮಣ್ಣು ಪೂರ್ತಿ ಒಣಗಿದ ಬಳಿಕವೇ ಹಾಕಿದರೆ ಸಾಕು. ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕಿ ಹೂ ಕಡಿಮೆಯಾಗುತ್ತದೆ.

ಗಿಡದ ಎತ್ತರ ಸಾಮಾನ್ಯವಾಗಿ 15 ಸೆಂಟಿಮೀಟರ್ ಮೀರುವುದಿಲ್ಲ, ಹರಹು ಅರ್ಧ ಮೀಟರಿಗೂ ಹೆಚ್ಚಾಗಬಹುದು. ಮಣ್ಣು ತಾಗಿದ ಗೆಣ್ಣುಗಳಲ್ಲಿ ಬೇರು ಬಿಡುವುದರಿಂದ, ಬೆರಳುದ್ದದ ಕಡ್ಡಿಯನ್ನು ಮುರಿದು, ಗಾಯ ಒಣಗಲು ಬಿಟ್ಟು ನೆಟ್ಟರೆ ಹೊಸ ಗಿಡ ಸಿದ್ಧ.

ಇದೇ ಹೆಸರಿನಲ್ಲಿ ಕರೆಯಲಾಗುವ ಇನ್ನೊಂದು ಸಸ್ಯ ಕಾರ್ಪೊಬ್ರೊಟಸ್ ಎಡುಲಿಸ್. ಮಣ್ಣಿನ ಸವಕಳಿ ತಡೆಯಲೆಂದು ಕ್ಯಾಲಿಫೋರ್ನಿಯಾದಲ್ಲಿ ನೆಟ್ಟ ಈ ಗಿಡ ಕರಾವಳಿಯುದ್ದಕ್ಕೂ ದಟ್ಟವಾಗಿ ಹಬ್ಬಿ ಅಲ್ಲಿನ ಸ್ಥಳೀಯ ಸಸ್ಯಗಳನ್ನು ಮೂಲೆಗೊತ್ತಿದೆ. ಗಿಡ ಕೊಳ್ಳುವಾಗ ಬಳಕೆಯ ಹೆಸರನ್ನಷ್ಟೇ ನಂಬದೆ ಚೀಟಿಯಲ್ಲಿರುವ ವೈಜ್ಞಾನಿಕ ಹೆಸರನ್ನು ಓದಿಕೊಳ್ಳುವುದು ಈ ಕಾರಣಕ್ಕೆ ಅಗತ್ಯ.