ವೇಪ್ ಉಪಕರಣ: ಬ್ಯಾಟರಿ ಮತ್ತು ಟ್ಯಾಂಕ್ ನಡುವಿನ ಸಂಪರ್ಕ ದೋಷ

ವೇಪ್ (ಇ-ಸಿಗರೇಟ್) ಗುಂಡಿ ಒತ್ತಿದರೆ ದೀಪ ಮಿನುಗುತ್ತದೆ, ಆವಿ ಬರುವುದಿಲ್ಲ. ಇಲ್ಲವೇ ಪರದೆಯ ಮೇಲೆ ‘ನೋ ಅಟಮೈಜರ್’ (ಆವಿ ಮಾಡುವ ಭಾಗ ಕಾಣುತ್ತಿಲ್ಲ) ಎಂಬ ಸೂಚನೆ ಮೂಡುತ್ತದೆ. ಬ್ಯಾಟರಿ ಕೈಕೊಟ್ಟಿತು ಎಂದು ಆತುರಪಡುವ ಮೊದಲು ಟ್ಯಾಂಕ್ (ದ್ರವ ತುಂಬುವ ಭಾಗ) ಬಿಚ್ಚಿ, ಅದು ಕೂರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ತೊಂದರೆ ಬಹಳ ಸಲ ಅಲ್ಲೇ ಇರುತ್ತದೆ.

ಈ ಜೋಡಣೆಗೆ ಸಾಮಾನ್ಯವಾಗಿ 510 ಎನ್ನುತ್ತಾರೆ. ತಿರುಪಿನ ವ್ಯಾಸ 7 ಮಿ.ಮೀ.; ಒಂದು ಸುತ್ತಿಗೆ ಅದು ಅರ್ಧ ಮಿ.ಮೀ. ಒಳಗಿಳಿಯುತ್ತದೆ. ನಡುವಿನ ಪಿನ್ ಧನ, ಸುತ್ತಲಿನ ಥ್ರೆಡ್ ಋಣ, ಎರಡರ ಮಧ್ಯೆ ತೆಳುವಾದ ಅವಾಹಕ ಉಂಗುರ. ಈ ಚಿತ್ರ ಮನಸ್ಸಿನಲ್ಲಿ ನಿಂತರೆ ಉಳಿದದ್ದು ಸುಲಭ. ಪಿನ್ ತಾಗದಿದ್ದರೆ ವಿದ್ಯುತ್ ಮಂಡಲ ಪೂರ್ಣವಾಗುವುದಿಲ್ಲ, ಟ್ಯಾಂಕ್ ಇದ್ದರೂ ಇಲ್ಲವೆಂದೇ ಉಪಕರಣ ತಿಳಿಯುತ್ತದೆ. ಉಂಗುರ ಹರಿದು ಪಿನ್ ಥ್ರೆಡ್‌ಗೆ ತಾಗಿದರೆ ಶಾರ್ಟ್.

ಕಲಿಯುವವರನ್ನು ದಾರಿ ತಪ್ಪಿಸುವುದು ಇವೆರಡರ ನಡುವಿನ ಸ್ಥಿತಿ: ಪಿನ್ ತಾಗಿದೆ, ಆದರೆ ಸರಿಯಾಗಿ ತಾಗಿಲ್ಲ. ಓಮ್‌ನ ನಿಯಮ ಹಾಕಿ ನೋಡೋಣ. ವೋಲ್ಟೇಜ್ 3.7, ಕಾಯಿಲ್ (ಟ್ಯಾಂಕಿನೊಳಗೆ ಬಿಸಿಯಾಗಿ ದ್ರವವನ್ನು ಆವಿ ಮಾಡುವ ತಂತಿ ಸುರುಳಿ) 0.5 ಓಮ್ ಎಂದುಕೊಳ್ಳಿ. ಹರಿಯುವ ವಿದ್ಯುತ್ 7.4 ಆಂಪಿಯರ್, ಕಾಯಿಲ್‌ಗೆ ಸಿಗುವುದು ಸುಮಾರು 27 ವ್ಯಾಟ್. ಈಗ ಪಿನ್ ಮೇಲಿನ ಕೊಳೆ ಬರೀ 0.1 ಓಮ್ ಸೇರಿಸಿತು ಎನ್ನಿ. ವಿದ್ಯುತ್ 6.2 ಆಂಪಿಯರ್‌ಗೆ ಇಳಿಯುತ್ತದೆ; ಕಾಯಿಲ್‌ಗೆ ಸಿಗುವುದು ಸುಮಾರು 19 ವ್ಯಾಟ್ ಮಾತ್ರ. ಸುಮಾರು 4 ವ್ಯಾಟ್ ಸಂಪರ್ಕದ ಜಾಗದಲ್ಲೇ ಶಾಖವಾಗಿ ಹೋಗುತ್ತದೆ. ಆವಿ ತೆಳುವಾಗಿ, ಟ್ಯಾಂಕಿನ ಬುಡ ಬಿಸಿಯಾಗಿದ್ದರೆ ಕಾರಣ ಇದೇ ಇರಬಹುದು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ, 0.1 ಓಮ್ ಎಷ್ಟು ದೊಡ್ಡದೆಂದು ಆಗ ಮನವರಿಕೆಯಾಗುತ್ತದೆ.

ಕೊಳೆ ಬರುವುದು ಟ್ಯಾಂಕಿನಿಂದ ಸೋರಿದ ದ್ರವದಿಂದ. ಅದರಲ್ಲಿರುವ ಗ್ಲಿಸರಿನ್ ಜಿಗುಟು, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಪಕರಣ ಆರಿಸಿ, ಬ್ಯಾಟರಿ ಹೊರತೆಗೆಯಲು ಬರುವಂತಿದ್ದರೆ ತೆಗೆದು, ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಪಿನ್ ಮತ್ತು ಥ್ರೆಡ್ ಒರೆಸಿ. ಪೂರ್ತಿ ಒಣಗಿದ ಮೇಲಷ್ಟೇ ಜೋಡಿಸಿ. ಟ್ಯಾಂಕಿನ ತಳದ ಪಿನ್ನನ್ನೂ ಒರೆಸಬೇಕು. ಅದನ್ನು ಮರೆಯುವವರೇ ಹೆಚ್ಚು.

ಬಿಗಿಯಾಗಿ ತಿರುಗಿಸಿದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಅತಿಯಾಗಿ ಬಿಗಿದರೆ ನಡುವಿನ ಪಿನ್ ಒಳಗೆ ಕುಸಿಯುತ್ತದೆ, ಉಂಗುರವೂ ಜಜ್ಜಿಹೋಗುತ್ತದೆ. ಸ್ಪ್ರಿಂಗ್ ಇರುವ ಪಿನ್ ಒತ್ತಿದರೆ ತಾನೇ ಮೇಲೆ ಬರುತ್ತದೆ, ಅದನ್ನು ಕೆದಕಬೇಡಿ. ಸ್ಪ್ರಿಂಗ್ ಇಲ್ಲದೆ ಕುಸಿದಿದ್ದರೆ ಮರದ ಹಲ್ಲುಕಡ್ಡಿಯಿಂದ ಕೂದಲೆಳೆಯಷ್ಟು ಮೇಲೆತ್ತಿ. ಲೋಹದ ಸೂಜಿ ಬೇಡ, ಅದೇ ಶಾರ್ಟ್ ಮಾಡಿಬಿಡುತ್ತದೆ.

ಟ್ಯಾಂಕಿನೊಳಗೆ ಕಾಯಿಲ್ ಸಡಿಲವಾಗಿದ್ದರೂ ಲಕ್ಷಣ ಇದೇ. ಪರದೆಯಲ್ಲಿ ಓಮ್ ಅಂಕಿ ಒಂದು ಕಡೆ ನಿಲ್ಲದೆ ಓಲಾಡುತ್ತಿದ್ದರೆ ಕಾಯಿಲ್ ಬಿಚ್ಚಿ ಮತ್ತೆ ಕೂರಿಸಿ. ಮಲ್ಟಿಮೀಟರ್‌ನಲ್ಲಿ ಅಳೆಯುವವರು ಮೊದಲು ಎರಡೂ ತುದಿಗಳನ್ನು ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ಕಳೆಯಬೇಕು. ತಂತಿಗಳಿಗೂ ರೋಧವಿದೆ, ಇಷ್ಟು ಚಿಕ್ಕ ಅಳತೆಯಲ್ಲಿ ಅದನ್ನು ಕಡೆಗಣಿಸುವಂತಿಲ್ಲ.

ಇಷ್ಟಾದರೂ ಗೊತ್ತಾಗದಿದ್ದರೆ, ಚೆನ್ನಾಗಿರುವ ಇನ್ನೊಂದು ಟ್ಯಾಂಕನ್ನು ಅದೇ ಬ್ಯಾಟರಿಗೆ ಹಾಕಿ. ಕೆಲಸ ಮಾಡಿದರೆ ದೋಷ ಹಳೆಯ ಟ್ಯಾಂಕಿನದು. ಮಾಡದಿದ್ದರೆ ಬ್ಯಾಟರಿಯ ಕಡೆಗೆ ಹೋಗಿ. ಪೂರ್ತಿ ಚಾರ್ಜ್ ಆದ ಲಿಥಿಯಂ ಅಯಾನ್ ಸೆಲ್ ಸಾಮಾನ್ಯವಾಗಿ 4.2 ವೋಲ್ಟ್ ತೋರಿಸುತ್ತದೆ, ಆದರೆ ಸುಮ್ಮನಿದ್ದಾಗಿನ ಈ ಅಂಕಿಯನ್ನೇ ನಂಬಬೇಡಿ. ಹಳೆಯ ಸೆಲ್ ಗುಂಡಿ ಒತ್ತಿದ ಕೂಡಲೇ ಕುಸಿಯುತ್ತದೆ.

ಸೆಲ್ ಉಬ್ಬಿದ್ದರೆ, ಹೊದಿಕೆ ಹರಿದಿದ್ದರೆ, ಗುಂಡಿ ಒತ್ತದೆಯೂ ಬಿಸಿಯಾಗುತ್ತಿದ್ದರೆ ಈ ಯಾವ ಪರೀಕ್ಷೆಯೂ ಬೇಡ. ಮತ್ತೆ ಚಾರ್ಜ್‌ಗೆ ಹಾಕದೆ, ಮನೆಯ ಕಸಕ್ಕೂ ಎಸೆಯದೆ, ಬ್ಯಾಟರಿ ಸಂಗ್ರಹಿಸುವ ಕಡೆಗೆ ಕೊಡಿ.