ಸ್ಪಾಯ್ಲರ್ ಹಾಕಿಸಿದ ಮೇಲೆ ಡಿಕ್ಕಿ ನಿಲ್ಲುತ್ತಿಲ್ಲವೇ? ಮೊದಲು ಹಳೇ ಶಾಕ್ ನೋಡಿ

ಚಳಿ ಶುರುವಾದರೆ ಬಳ್ಳಾರಿಯ ನಮ್ಮ ಗ್ಯಾರೇಜಿಗೆ ಸ್ಪಾಯ್ಲರ್, ಅಂದರೆ ಕಾರಿನ ಹಿಂಬಾಗಿಲಿಗೆ ಕೂರಿಸುವ ರೆಕ್ಕೆಯಂಥ ಪಟ್ಟಿ, ಹಾಕಿಸಿದವರಿಂದ ಒಂದು ದೂರು ಜಾಸ್ತಿ ಬರುತ್ತದೆ. "ಮೇಸ್ತ್ರಿ, ಸ್ಪಾಯ್ಲರ್ ಹಾಕಿಸಿದ್ ಮ್ಯಾಲೆ ಡಿಕ್ಕಿ ನಿಂದ್ರವಲ್ದು. ಹೆವಿ ಶಾಕ್ ಹಾಕಿಬಿಡ್ರಿ." ಸಿರುಗುಪ್ಪದಿಂದ ಅಕ್ಕಿ ಚೀಲ ತರುವವರು, ಜೀನ್ಸ್ ಬಂಡಲ್ ಸಾಗಿಸುವವರು, ಕಾಲೇಜು ಹುಡುಗರು, ಎಲ್ಲರದೂ ಇದೇ ಮಾತು. ಎತ್ತಿದ ಡಿಕ್ಕಿ ಬಾಗಿಲು ಕೆಳಗೆ ಬೀಳುವುದು ನಿಜ. ಆದರೆ ತಪ್ಪೆಲ್ಲ ಸ್ಪಾಯ್ಲರ್ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಆ ಬಾಗಿಲನ್ನು ಎತ್ತಿ ಹಿಡಿಯುವ ಶಾಕ್ ಮೊದಲೇ ಸೋತಿರುತ್ತದೆ. ಸ್ಪಾಯ್ಲರ್ ಬಂದಾಗ ಅದು ಬಯಲಾಗುತ್ತದೆ, ಅಷ್ಟೇ.

ಹ್ಯಾಚ್‌ಬ್ಯಾಕ್ ಕಾರಿನ ಹಿಂಬಾಗಿಲನ್ನು ಎತ್ತಿ ಹಿಡಿಯುವುದು ಎರಡು ಬದಿಯ ಗ್ಯಾಸ್ ಶಾಕ್‌ಗಳು. ಒಳಗೆ ಸುರುಳಿ ಸ್ಪ್ರಿಂಗ್ ಇರುವುದಿಲ್ಲ. ಒತ್ತಿ ತುಂಬಿದ ನೈಟ್ರೋಜನ್ ಗ್ಯಾಸ್ ಮತ್ತು ಸ್ವಲ್ಪ ಎಣ್ಣೆ ಇರುತ್ತದೆ. ಕೊಳವೆಯೊಳಗೆ ಓಡಾಡುವ ಪಿಸ್ಟನ್‌ನಲ್ಲಿ ಸಣ್ಣ ತೂತುಗಳಿವೆ. ಹಾಗಾಗಿ ಅದರ ಎರಡೂ ಕಡೆ ಗ್ಯಾಸಿನ ಒತ್ತಡ ಒಂದೇ. ಒಂದು ಕಡೆ ಮಾತ್ರ ರಾಡ್ ಕೂತಿರುವುದರಿಂದ, ಆ ರಾಡ್‌ನ ದಪ್ಪದಷ್ಟು ಜಾಗದ ಮೇಲಿನ ಒತ್ತಡ ರಾಡನ್ನು ಹೊರಕ್ಕೆ ತಳ್ಳುತ್ತದೆ. 8 ಮಿ.ಮೀ. ದಪ್ಪದ ರಾಡ್‌ನ ತುದಿಯ ವಿಸ್ತೀರ್ಣ ಸುಮಾರು 50 ಚದರ ಮಿ.ಮೀ. ಅಷ್ಟು ಸಣ್ಣ ಜಾಗದಿಂದ 300 ನ್ಯೂಟನ್ ತಳ್ಳಬೇಕಾದರೆ ಒಳಗೆ ಸುಮಾರು 60 ಬಾರ್ ಒತ್ತಡ ಬೇಕು. ಟಯರ್‌ಗೆ ನಾವು ಹೊಡೆಸುವ ಗಾಳಿ 30-35 ಪಿಎಸ್‌ಐ. ಶಾಕ್‌ನೊಳಗಿನ ಈ ಒತ್ತಡ 850 ಪಿಎಸ್‌ಐ ಮೀರುತ್ತದೆ. ಇಷ್ಟು ಒತ್ತಡವನ್ನು ತಡೆದು ಹಿಡಿದಿರುವುದು ರಾಡ್ ಸುತ್ತಲಿನ ಒಂದು ರಬ್ಬರ್ ಸೀಲ್. ಸೀಲ್ ಸವೆದಂತೆ ಗ್ಯಾಸ್ ನಿಧಾನಕ್ಕೆ ಸೋರುತ್ತದೆ. ಸದ್ದಿಲ್ಲ, ವಾಸನೆಯಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೀಪವೂ ಹತ್ತುವುದಿಲ್ಲ.

ಶಾಕ್‌ನ ಬಲ ಎಷ್ಟು ಅನ್ನುವುದು ಸಾಮಾನ್ಯವಾಗಿ ಅದರ ಮೈಮೇಲೇ ಅಚ್ಚಾಗಿರುತ್ತದೆ. 300 ಎನ್, 350 ಎನ್ ಅಂತ. ಹತ್ತು ನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಅಂದುಕೊಳ್ಳಿ. ಅದು ಹೊಸದರಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಬಲ. ಈ 20 ಡಿಗ್ರಿ ಅನ್ನುವುದು ನಮ್ಮೂರಿನವರಿಗೆ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ಪಾಯ್ಲರ್ ಎಷ್ಟು ತೊಂದರೆ ಕೊಡುತ್ತದೆ? ಅದರ ತೂಕಕ್ಕಿಂತ ಅದು ಕೂತ ಜಾಗ ದೊಡ್ಡದು. ಬಾಗಿಲು ತಿರುಗುವುದು ಮೇಲಿನ ಹಿಂಜ್ ಸುತ್ತ. ಹಿಂಜ್‌ನಿಂದ ದೂರವಾದಷ್ಟೂ ಅದೇ ತೂಕ ಹೆಚ್ಚು ಎಳೆಯುತ್ತದೆ. ಲೆಕ್ಕ ಅರ್ಥವಾಗಲಿ ಎಂದು ಸುಮ್ನೆ ಒಂದು ಬಾಗಿಲು ಅಂದುಕೊಳ್ಳೋಣ. ತೂಕ 18 ಕೆ.ಜಿ. ಪೂರ್ತಿ ತೆಗೆದಾಗ ಅದರ ಭಾರದ ನಡುಬಿಂದು ಹಿಂಜ್‌ನಿಂದ 50 ಸೆಂ.ಮೀ. ದೂರ. 18ನ್ನು 50ರಿಂದ ಗುಣಿಸಿದರೆ 900. ಇದು ಬಾಗಿಲನ್ನು ಕೆಳಗೆಳೆಯುವ ಲೆಕ್ಕ. ಎತ್ತಿ ಹಿಡಿಯಲು ತಲಾ 300 ನ್ಯೂಟನ್‌ನ ಎರಡು ಶಾಕ್, ಅಂದರೆ ಸುಮಾರು 61 ಕೆ.ಜಿ. ಬಲ. ಶಾಕ್ ತಳ್ಳುವ ಗೆರೆ ಹಿಂಜ್‌ನಿಂದ 18 ಸೆಂ.ಮೀ. ದೂರದಲ್ಲಿದೆ ಅಂದರೆ 61 ಗುಣಿಸು 18, ಹತ್ತಿರ ಹತ್ತಿರ 1100. ಹೊಸದರಲ್ಲಿ 900ರ ಎದುರು 1100 ಇದೆ. ಬಾಗಿಲು ಗಟ್ಟಿಯಾಗಿ ನಿಲ್ಲುತ್ತದೆ.

ಈಗ 2.5 ಕೆ.ಜಿ.ಯ ಸ್ಪಾಯ್ಲರ್ ಹಾಕಿಸಿದಿರಿ. ರೂಫ್ ಅಂಚಿನಲ್ಲಿ, ಹಿಂಜ್‌ನಿಂದ 20 ಸೆಂ.ಮೀ. ದೂರದಲ್ಲಿ. ಕೂಡುವುದು 50 ಮಾತ್ರ. 900 ಇದ್ದದ್ದು 950 ಆಯಿತು. ಶಾಕ್ ಹೊಸದಾಗಿದ್ದರೆ ನಿಮಗೆ ಗೊತ್ತೂ ಆಗುವುದಿಲ್ಲ. ಆದರೆ ಶಾಕ್ ಹಳತಾಗಿ ಬಲ ನೂರಕ್ಕೆ ಹದಿನೈದು ಇಳಿದಿದ್ದರೆ 1100 ಇದ್ದದ್ದು 935ಕ್ಕೆ ಬಂದಿರುತ್ತದೆ. ಸ್ಪಾಯ್ಲರ್ ಇಲ್ಲದಾಗ 900ನ್ನು ಹೇಗೋ ಹಿಡಿದಿತ್ತು. 950 ಹಿಡಿಯಲು ಆಗುವುದಿಲ್ಲ. ನಿನ್ನೆ ನಿಂತ ಬಾಗಿಲು ಇವತ್ತು ಬಿತ್ತು, ಬೈಗುಳ ಸ್ಪಾಯ್ಲರ್ ಹಾಕಿದವನಿಗೆ!

ಅದೇ ಸ್ಪಾಯ್ಲರನ್ನು ಗಾಜಿನ ಕೆಳಗೆ, ಹಿಂಜ್‌ನಿಂದ 75 ಸೆಂ.ಮೀ. ದೂರದಲ್ಲಿ ಕೂರಿಸಿದರೆ ಕಥೆ ಬೇರೆ. ಕೂಡುವುದು ಸುಮಾರು 190. ಮೊತ್ತ 1090. ಹೊಸ ಶಾಕ್ ಹಾಕಿದರೂ ಬಾಗಿಲು ಅಂಚಿನಲ್ಲೇ ತೂಗಾಡುತ್ತದೆ. ಬಲ ಹೆಚ್ಚಿನ ಶಾಕ್ ಬೇಕಾಗುವುದು ಇಂಥ ಕಡೆ. ತೆಳು ಎಬಿಎಸ್ ಪ್ಲಾಸ್ಟಿಕ್ ಸ್ಪಾಯ್ಲರ್‌ಗಿಂತ ಸ್ಥಳೀಯವಾಗಿ ಮಾಡಿಸಿದ ದಪ್ಪ ಫೈಬರ್ ಸ್ಪಾಯ್ಲರ್ ಭಾರ ಇರುವುದುಂಟು. ಹಾಕಿಸುವ ಮೊದಲೇ ತಕ್ಕಡಿಗೆ ಇಟ್ಟು ತೂಕ ಬರೆದುಕೊಳ್ಳಿ. ಆಮೇಲೆ ಬಿಚ್ಚಿ ತೂಗುವವರು ಯಾರು?

ಇನ್ನು ಆ 20 ಡಿಗ್ರಿಯ ವಿಷಯ. ಮುಚ್ಚಿದ ಗ್ಯಾಸ್ ಬಿಸಿಯಾದರೆ ಒತ್ತಡ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ 300ರ ಶಾಕ್ ಸುಮಾರು 322 ನ್ಯೂಟನ್ ತಳ್ಳುತ್ತದೆ. ಡಿಸೆಂಬರ್ ಬೆಳಗ್ಗೆ 16 ಡಿಗ್ರಿಯಲ್ಲಿ ಅದೇ ಶಾಕ್ 296ಕ್ಕೆ ಇಳಿಯುತ್ತದೆ. ಎರಡೂ ಶಾಕ್ ಸೇರಿ ಐದು ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ. ನಮ್ಮ ಬಿಸಿಲು ಸೋತ ಶಾಕನ್ನೂ ಎತ್ತಿ ನಿಲ್ಲಿಸಿ ಮಾನ ಕಾಯುತ್ತದೆ. ಬೇಸಿಗೆಯಲ್ಲಿ ಸ್ಪಾಯ್ಲರ್ ಹಾಕಿಸಿ ಚೆನ್ನಾಗಿದೆ ಎಂದು ಹೋದವರು ಚಳಿಗಾಲದಲ್ಲಿ ತಲೆ ಸವರಿಕೊಂಡು ಬರುವುದು ಇದಕ್ಕೇ. ಹಾಗಾಗಿ ಪರೀಕ್ಷೆಯನ್ನು ಬೆಳಗ್ಗೆ ತಂಪಿನಲ್ಲಿ ಮಾಡಿ. ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾಡಿದರೆ ಸುಳ್ಳು ಧೈರ್ಯ.

ಬಿಸಿಲಿನ ಜೊತೆ ಧೂಳು. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಕಾರುಗಳ ಡಿಕ್ಕಿ ತೆಗೆದರೆ ಸಂದಿಯಲ್ಲೆಲ್ಲ ಕೆಂಪು ಅದಿರಿನ ಪುಡಿ. ಅದು ಹೊಳೆಯುವ ರಾಡ್‌ಗೆ ಅಂಟಿ ಸೀಲನ್ನು ತೇಯುತ್ತದೆ. ಕೆಲವರು ಒಳ್ಳೆಯದಾಗಲಿ ಎಂದು ರಾಡ್‌ಗೆ ಗ್ರೀಸ್ ಬಳಿಯುತ್ತಾರೆ. ಬೇಡ. ಗ್ರೀಸ್ ಇನ್ನಷ್ಟು ಧೂಳು ಹಿಡಿಯುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಡಿಕ್ಕಿ ನಿಲ್ಲದ ಕಾರು ಬಂದರೆ ನಾವು ಶಾಕ್‌ಗೆ ಕೈ ಹಾಕುವ ಮೊದಲು ರೂಫ್ ನೋಡುತ್ತೇವೆ. ಹೊರಗಿನಿಂದ ತಂದ ಸ್ಪಾಯ್ಲರ್‌ನ ಮುಂದಿನ ಅಂಚು ಬಾಗಿಲು ಎತ್ತಿದಾಗ ರೂಫಿಗೆ ತಾಗುವುದುಂಟು. ಅಲ್ಲಿ ಪೇಂಟ್ ಗೀಚಿದ ಗುರುತು ಸಿಗುತ್ತದೆ. ಆಗ ಬಾಗಿಲು ಪೂರ್ತಿ ಮೇಲೆ ಹೋಗಿರುವುದೇ ಇಲ್ಲ. ಬಾಗಿಲು ಮುಚ್ಚಿದಾಗ ಶಾಕ್ ತಳ್ಳುವ ಗೆರೆ ಹಿಂಜ್‌ಗೆ ತೀರಾ ಹತ್ತಿರ ಇರುತ್ತದೆ, ಏರಿದಂತೆ ದೂರವಾಗಿ ಹಿಡಿತ ಕೂಡುತ್ತದೆ. ಮೊದಲ ಒಂದು ಗೇಣು ನಾವು ಕೈಯಲ್ಲಿ ಎತ್ತಬೇಕು, ಆಮೇಲೆ ತಾನೇ ಏಳುತ್ತದೆ ಅಲ್ವಾ? ಅದು ಇದಕ್ಕೇ. ಅರ್ಧಕ್ಕೆ ತಡೆದರೆ ಪೂರ್ತಿ ಹಿಡಿತ ಸಿಗುವುದಿಲ್ಲ. ಇಂಥ ಕಡೆ ಬಲವಾದ ಶಾಕ್ ಹಾಕಿದರೆ ಸ್ಪಾಯ್ಲರ್ ರೂಫನ್ನು ಇನ್ನಷ್ಟು ಜೋರಾಗಿ ಒತ್ತುತ್ತದೆ. ಸ್ಪಾಯ್ಲರನ್ನೇ ಸರಿಸಿ ಕೂರಿಸಬೇಕು, ಇಲ್ಲವೇ ಬೇರೆಯದು ತರಬೇಕು.

ಎರಡನೆಯದಾಗಿ ಬಾಗಿಲನ್ನು ಅಲುಗಾಡಿಸಿ ಕಿವಿಗೊಟ್ಟು ಕೇಳುತ್ತೇವೆ. ಒಳಗೆ ನೀರಿನ ಸದ್ದು ಬಂದರೆ ಆಶ್ಚರ್ಯ ಬೇಡ. ಸ್ಪಾಯ್ಲರ್ ಬೋಲ್ಟ್‌ಗೆ ಕೊರೆದ ತೂತಿಗೆ ಸರಿಯಾಗಿ ಸೀಲೆಂಟ್ ಹಾಕದಿದ್ದರೆ ಮಳೆನೀರು ಒಳಗಿಳಿಯುತ್ತದೆ. ಕೆಳಗಿನ ಅಂಚಿನಲ್ಲಿ ನೀರು ಹೋಗುವ ತೂತುಗಳಿವೆ. ಅವು ಧೂಳು ಕೆಸರಿನಿಂದ ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ, ಅದೂ ಹಿಂಜ್‌ನಿಂದ ಅತಿ ದೂರದಲ್ಲಿ. ಒಂದು ಲೀಟರ್ ನಿಂತರೂ ಮೇಲಿನ ಲೆಕ್ಕದಲ್ಲಿ ರೂಫ್ ಸ್ಪಾಯ್ಲರ್‌ಗಿಂತ ಹೆಚ್ಚು ಎಳೆಯುತ್ತದೆ. ತಗಡು ತುಕ್ಕು ಹಿಡಿಯುವುದು ಬೇರೆ. ತೂತು ಬಿಡಿಸಿ, ಬೋಲ್ಟ್ ಬಿಚ್ಚಿ ಸೀಲೆಂಟ್ ಹಾಕಿ ಮತ್ತೆ ಬಿಗಿಯಬೇಕು.

ಇವೆರಡೂ ಸರಿ ಇದ್ದರೆ ಶಾಕ್. ರಾಡ್ ಮೇಲೆ ಎಣ್ಣೆ ಜಿನುಗಿದ್ದರೆ ಅದು ಮುಗಿದಂತೆ. ಎಣ್ಣೆ ಕಾಣದಿದ್ದರೂ ಗ್ಯಾಸ್ ಹೋಗಿರಬಹುದು. ಶಾಕನ್ನು ಕಾರಿನಿಂದ ಕಳಚಿ ಅದರ ಬಲ ನೋಡಲು ಸುಲಭದ ದಾರಿ ಒಂದಿದೆ. ಮನೆಯಲ್ಲಿ ನಿಂತು ತೂಕ ನೋಡುವ ಯಂತ್ರ ತನ್ನಿ. ಅದರ ಮೇಲೆ ಮರದ ತುಂಡು ಇಟ್ಟು, ಶಾಕನ್ನು ರಾಡ್ ಕೆಳಗಾಗಿ ನೆಟ್ಟಗೆ ಹಿಡಿದು ಒತ್ತಿ. ರಾಡ್ ಸ್ವಲ್ಪ ಒಳಹೋದ ಮೇಲೆ ನಿಧಾನಕ್ಕೆ ಬಿಡುತ್ತಾ ಅಂಕಿ ನೋಡಿ. ಒತ್ತುವಾಗ ಸೀಲ್‌ನ ಉಜ್ಜಾಟ ಸೇರಿ ಅಂಕಿ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಬೇಡಿ. 300ರ ಶಾಕ್ ಬಿಡುವಾಗ 30 ಕೆ.ಜಿ. ಹತ್ತಿರ ತೋರಿಸಬೇಕು. 25 ತೋರಿಸಿದರೆ ಉತ್ತರ ಸಿಕ್ಕಿತು. ವಾಲಿಸಿ ಒತ್ತಿದರೆ ಜಾರಿ ಕಾಲಿಗೆ ಬೀಳುತ್ತದೆ, ಹುಷಾರು.

ಹಳತಾಗಿದ್ದರೆ ಕಂಪನಿ ಹೇಳಿದ ಬಲದ್ದೇ ಹೊಸ ಜೋಡಿ ಹಾಕಿ. ಜೋಡಿಯಾಗಿಯೇ ಹಾಕಬೇಕು. ಒಂದು ಹೊಸದು ಒಂದು ಹಳೆಯದಾದರೆ ಬಾಗಿಲು ಒಂದು ಕಡೆ ತಿರುಚುತ್ತದೆ. ಹಾಕಿದ ಮೇಲೆ, ಬೆಳಗಿನ ತಂಪಿನಲ್ಲಿ, ಬಾಗಿಲನ್ನು ಪೂರ್ತಿ ತೆಗೆದು ಲಾಕ್ ಇರುವ ಅಂಚಿಗೆ ಒಂದು ಲೀಟರ್ ನೀರಿನ ಬಾಟಲಿ ನೇತುಹಾಕಿ. ನಿಂತರೆ ಕೆಲಸ ಮುಗಿಯಿತು.

ನಿಲ್ಲದಿದ್ದರೆ ಮಾತ್ರ ಬಲ ಹೆಚ್ಚಿಸುವ ಮಾತು. ಎಷ್ಟು? ಸ್ಪಾಯ್ಲರ್‌ನ ತೂಕವನ್ನು ಹಿಂಜ್‌ನಿಂದ ಅದರ ದೂರದಿಂದ ಗುಣಿಸಿ. ಶಾಕ್‌ನ ಉದ್ದಕ್ಕೂ ಒಂದು ದಾರ ಎಳೆದು ಹಿಡಿದು, ಹಿಂಜ್‌ನಿಂದ ಆ ದಾರಕ್ಕೆ ಇರುವ ಅತಿ ಕಡಿಮೆ ದೂರವನ್ನು ಟೇಪಿನಲ್ಲಿ ಅಳೆಯಿರಿ. ಮೊದಲ ಅಂಕಿಯನ್ನು ಈ ದೂರದ ಎರಡರಷ್ಟರಿಂದ ಭಾಗಿಸಿದರೆ ಒಂದೊಂದು ಶಾಕ್‌ಗೆ ಎಷ್ಟು ಕೆ.ಜಿ. ಕೂಡಬೇಕು ಎಂದು ಸಿಗುತ್ತದೆ. ನಮ್ಮ ಲೆಕ್ಕದ ರೂಫ್ ಸ್ಪಾಯ್ಲರ್‌ಗೆ 50 ಭಾಗ 36, ಸುಮಾರು 1.4 ಕೆ.ಜಿ., ಅಂದರೆ ಸುಮಾರು 14 ನ್ಯೂಟನ್. ಗಾಜಿನ ಕೆಳಗಿನದಕ್ಕೆ ಸುಮಾರು 50 ನ್ಯೂಟನ್, ಹಾಗಾಗಿ 300ರ ಬದಲು 350. ನೂರಕ್ಕೆ ಹದಿನೈದು ಇಳಿದ ಆ ಹಳೇ ಶಾಕ್ ಕಳೆದುಕೊಂಡದ್ದು ಎಷ್ಟು ಗೊತ್ತಾ? 45 ನ್ಯೂಟನ್. ರೂಫ್ ಸ್ಪಾಯ್ಲರ್ ಕೂಡಿಸಿದ್ದಕ್ಕಿಂತ ಮೂರು ಪಟ್ಟು.

ಅಂಗಡಿಯಲ್ಲಿ "ಇದು ಹೆವಿ, ಎಂದೂ ಬೀಳಲ್ಲ" ಎಂದು 500ರದ್ದು ಕೊಟ್ಟರೆ ತಗೋಬೇಡಿ. ಬಾಗಿಲು ರಪ್ಪನೆ ಏಳುತ್ತದೆ, ಬಗ್ಗಿ ನಿಂತವರ ಗದ್ದಕ್ಕೆ ಹೊಡೆಯುತ್ತದೆ. ಮುಚ್ಚಲು ಜೋತುಬೀಳಬೇಕು. ಮನೆಯ ಹಿರಿಯರು, ಹೆಣ್ಣುಮಕ್ಕಳು ಒಂದೇ ಕಡೆ ಹಿಡಿದು ಎಳೆದಾಗ ಬಾಗಿಲು ತಿರುಚಿ ಗಾಜಿನ ಅಂಟಿನ ಮೇಲೆ ಒತ್ತಡ ಬೀಳುತ್ತದೆ. ಶಾಕ್ ಕೂತಿರುವ ತಗಡು ನಿಧಾನಕ್ಕೆ ಉಬ್ಬುತ್ತದೆ. ಅದನ್ನು ತಟ್ಟಿ ಸರಿಮಾಡುವ ಖರ್ಚಿನ ಮುಂದೆ ಶಾಕ್‌ನ ಬೆಲೆ ಏನೂ ಅಲ್ಲ. ಬಲ ಬದಲಾದರೂ ಉದ್ದ ಬದಲಾಗಬಾರದು. ತುದಿಯಿಂದ ತುದಿಗೆ ಪೂರ್ತಿ ಚಾಚಿದ ಉದ್ದ, ಪೂರ್ತಿ ಒತ್ತಿದ ಉದ್ದ, ತುದಿಯ ಕಪ್‌ನ ಅಳತೆ, ಮೂರೂ ಹಳೆಯದಕ್ಕೆ ಹೊಂದಬೇಕು. ಉದ್ದ ಜಾಸ್ತಿಯಾದರೆ ಮುಚ್ಚುವಾಗ ಶಾಕ್ ಪೂರ್ತಿ ಒತ್ತಿಕೊಂಡರೂ ಜಾಗ ಸಾಲದೆ ಹಿಂಜ್ ಬಾಗುತ್ತದೆ. ಬಟನ್ ಒತ್ತಿದರೆ ಮೋಟಾರಿನಿಂದ ಏಳುವ ಡಿಕ್ಕಿ ಇದ್ದವರು ಈ ಲೆಕ್ಕಕ್ಕೆಲ್ಲ ಕೈ ಹಾಕದೆ ಸರ್ವಿಸ್ ಸೆಂಟರಿಗೇ ಹೋಗಿ.

ಬದಲಿಸುವ ಕೆಲಸ ಕಷ್ಟದ್ದಲ್ಲ. ಬಾಗಿಲಿಗೆ ಗಟ್ಟಿ ಕೋಲು ಕೊಟ್ಟು, ಒಬ್ಬರನ್ನು ಹಿಡಿದುಕೊಳ್ಳಲು ನಿಲ್ಲಿಸಿ. ರಾಡ್ ಯಾವ ಕಡೆ ಇದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಹೊಸದನ್ನೂ ಹಾಗೇ ಹಾಕಬೇಕು. ಒಳಗಿನ ಎಣ್ಣೆ ಸೀಲನ್ನು ನೆನೆಸಬೇಕು ಎಂದೇ ಕಂಪನಿ ಆ ದಿಕ್ಕು ಆರಿಸಿರುತ್ತದೆ. ಸಾಮಾನ್ಯವಾಗಿ ತುದಿಯ ಕಪ್ ಒಂದು ಗುಂಡುಬೋಲ್ಟ್ ಮೇಲೆ ಕೂತಿರುತ್ತದೆ. ಚಿಕ್ಕ ಚಪ್ಪಟೆ ಸ್ಕ್ರೂ ಡ್ರೈವರ್‌ನಿಂದ ಅದರ ತಂತಿ ಕ್ಲಿಪ್ಪನ್ನು ಸ್ವಲ್ಪ ಎತ್ತಿದರೆ ಕಪ್ ಕಳಚುತ್ತದೆ. ಕ್ಲಿಪ್ ಪೂರ್ತಿ ಕೀಳಬೇಡಿ. ಒಂದು ಬದಿ ಮುಗಿಸಿಯೇ ಇನ್ನೊಂದು ಬದಿಗೆ ಹೋಗಿ.

ಹೊಸ ಶಾಕ್ ಬರುವ ತನಕ ಏನು ಮಾಡುವುದು ಅಂದರೆ, ರಾಡ್‌ಗೆ ವೈಸ್ ಗ್ರಿಪ್ (ಲಾಕ್ ಆಗುವ ಇಕ್ಕಳ) ಕಚ್ಚಿಸುವ ರೂಢಿ ಇದೆ. ರಾಡ್ ಮೇಲೆ ಒಂದು ಗೀರು ಬಿದ್ದರೆ ಸೀಲ್ ಹರಿಯುತ್ತದೆ, ಹಾಗೆ ಮಾಡಬೇಡಿ. ಪಿವಿಸಿ ಪೈಪನ್ನು ಹೊರಬಂದ ರಾಡ್‌ನಷ್ಟು ಉದ್ದ ಕತ್ತರಿಸಿ, ಉದ್ದಕ್ಕೆ ಸೀಳಿ, ರಾಡ್ ಮೇಲೆ ತೊಡಿಸಿ. ರಾಡ್ ಒಳಹೋಗಲು ಜಾಗವಿಲ್ಲದೆ ಬಾಗಿಲು ನಿಲ್ಲುತ್ತದೆ. ಮುಚ್ಚುವ ಮೊದಲು ಪೈಪ್ ತೆಗೆಯುವುದನ್ನು ಮರೆತರೆ ಬಾಗಿಲು ಬಗ್ಗುತ್ತದೆ. ಎದ್ದು ಕಾಣುವ ಕೆಂಪು ಬಟ್ಟೆ ಕಟ್ಟಿಡಿ.

ಹಳೇ ಶಾಕ್‌ಗೆ ತೂತು ಕೊರೆದು ಮತ್ತೆ ಗ್ಯಾಸ್ ತುಂಬಿಸಿಕೊಡುತ್ತೇವೆ ಅನ್ನುವವರ ಕೈಗೆ ಕೊಡಬೇಡಿ. ಸೋತ ಶಾಕ್‌ನಲ್ಲೂ ಹತ್ತಾರು ಬಾರ್ ಒತ್ತಡ ಉಳಿದಿರುತ್ತದೆ. ಗುಜರಿಗೆ ಹಾಕುವಾಗ ಒಳಗೆ ಗ್ಯಾಸ್ ಇದೆ ಎಂದು ಬಾಯಿಬಿಟ್ಟು ಹೇಳಿ. ಬೇರೆ ಕಬ್ಬಿಣದ ಜೊತೆ ಸೇರಿ ಅದು ಗ್ಯಾಸ್ ಕಟ್ಟಿಂಗ್ ಬೆಂಕಿಗೆ ಸಿಕ್ಕರೆ ರಾಡ್ ಗುಂಡಿನಂತೆ ಹಾರುತ್ತದೆ.